ಬೀಸದ ಕೈ

ತುಣುಕುಗಳನ್ನೆಲ್ಲ ಕಲಸಿಬಿಡು, ತಾರೀಖು ಕಾಣದ ಹಾಗೆ ಮುಚ್ಚು, ಆಮೇಲೆ ನನಗೆ ತೋರಿಸು ಎಂದು ಅವನು ಹಿಂದಿನ ಸಂಜೆ ಹೇಳಿ ಹೋಗಿದ್ದ. ಯಾಕೆ ಎಂದು ಕತ್ತರಿ ಕೇಳಿರಲಿಲ್ಲ. ಅವನ ಮೊದಲನೇ ಸಿನಿಮಾದಿಂದಲೂ ಸಂಕಲನ ಮಾಡಿಕೊಂಡು ಬಂದವಳು ಅವಳು. ಹೆಸರು ಬೇರೆ ಇದ್ದರೂ ಆ ಕಟ್ಟಡದಲ್ಲಿ ಎಲ್ಲರಿಗೂ ಕತ್ತರಿಯೇ. ಬೆಳಿಗ್ಗೆ ಅವನು ಬಾಗಿಲು ತಳ್ಳಿದಾಗ ಅವಳು ಪರದೆಯ ಮುಂದೆ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದಳು. ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದರಿಂದ ಆ ಕೋಣೆಯಲ್ಲಿ ಹೊತ್ತು ಎನ್ನುವುದೇ ಇರಲಿಲ್ಲ. ಬಿಸಿಯಾದ ಯಂತ್ರಗಳ ವಾಸನೆ, ಗೋಡೆಯೊಳಗೆಲ್ಲೋ ನೀರು ಇಳಿಯುವ ಸದ್ದು. "ಬನ್ನಿ ಪ್ರೊಫೆಸರ್ರೇ," ಎಂದಳು. "ನಿಮ್ಮ ಇಸ್ಪೀಟೆಲೆ ಕಲಸಿಟ್ಟಿದೀನಿ. ಆಟ ಏನು ಅಂತ ಮಾತ್ರ ಗೊತ್ತಿಲ್ಲ." ಅವನು ನಗಲು ನೋಡಿದ. ಲ್ಯಾಬು ಬಿಟ್ಟು ಇಷ್ಟು ವರ್ಷವಾದರೂ ಅವಳು ಅವನನ್ನು ಪ್ರೊಫೆಸರ್ ಎಂದೇ ಕರೆಯುವುದು. ಆ ಪದವಿಯ ಹತ್ತಿರಕ್ಕೂ ಅವನು ಹೋದವನಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದ ತಮಾಷೆ.

ಪರದೆಯ ಮೇಲೆ ಅಕ್ಕ ನಡೆದು ಬಂದಳು. ಎಲ್ಲ ತುಣುಕುಗಳಲ್ಲೂ ಅದೇ: ಅಕ್ಕನ ಹಲ್ಲಿನ ಕ್ಲಿನಿಕ್ಕಿನ ಉದ್ದನೆಯ ಕಾರಿಡಾರು, ಆ ತುದಿಯಲ್ಲಿ ಎಕ್ಸ್‌ರೇ ಕೋಣೆಯ ಬಾಗಿಲು, ಬಿಳಿಯ ಕೋಟು, ಅವಳು ಈ ತುದಿಯ ತನಕ ಬಂದು ಕ್ಯಾಮೆರಾವನ್ನು ದಾಟಿ ಹೋಗುವುದು. ಅವಳ ಮೇಲೆ ಸಿನಿಮಾ ಮಾಡುತ್ತೇನೆಂದು ಹೊರಟ ದಿನದಿಂದ, ಪ್ರತಿ ಸಲ ಹೋದಾಗಲೂ, ಬೆಳಕು ಹೇಗಿದೆ ಎಂದು ತಿಳಿದುಕೊಳ್ಳಲು ಅವನು ಮೊದಲು ತೆಗೆಯುತ್ತಿದ್ದದ್ದು ಅದನ್ನೇ. ಸಿನಿಮಾದಲ್ಲಿ ಇಡಬೇಕೆಂದು ತೆಗೆದದ್ದಲ್ಲ. ಈಗ ಅವನು ಬೆಳಕನ್ನು ನೋಡಲಿಲ್ಲ. ಕೂದಲಿನ ನರೆಯೋ ಕಾಲಿನ ಚಪ್ಪಲಿಯೋ ಸುಳಿವು ಕೊಟ್ಟೀತೆಂದು ಪರದೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ರಟ್ಟು ಅಡ್ಡ ಹಿಡಿಸಿದ. ಉಳಿದದ್ದು ಸೊಂಟದ ಆಚೀಚೆ ಬೀಸಿಕೊಂಡು ಬರುವ ಎರಡು ಕೈ. "ಇದು ಮೊದಲು," ಎಂದ. "ಆಮೇಲೆ ಅದು. ಅಲ್ಲ, ಮಧ್ಯದಲ್ಲಿ ಇನ್ನೊಂದಿದೆ, ಹಿಂದಕ್ಕೆ ಹೋಗು." ಎಡಗೈ ಎಲ್ಲದರಲ್ಲೂ ಒಂದೇ ಥರ ಬೀಸುತ್ತಿತ್ತು. ಬಲಗೈ ಒಂದರಲ್ಲಿ ಎಡಗೈಗೆ ಸರಿಸಮನಾಗಿ ಹೋಗಿಬರುತ್ತಿತ್ತು. ಇನ್ನೊಂದರಲ್ಲಿ ಅರ್ಧಕ್ಕೇ ನಿಂತು ವಾಪಸು ಬರುತ್ತಿತ್ತು. ಮತ್ತೊಂದರಲ್ಲಿ ಮೊಣಕೈಯಲ್ಲಿ ತುಸು ಮಡಚಿಕೊಂಡು, ಯಾರೋ ಒಂದು ಗಳಿಗೆ ಹಿಡ್ಕೊಂಡಿರು ಎಂದು ಕೊಟ್ಟ ವಸ್ತುವನ್ನು ಹಿಡಿದುಕೊಂಡ ಹಾಗೆ ಮೈಗೆ ಅಂಟಿಕೊಂಡೇ ಬರುತ್ತಿತ್ತು. ಜೋಡಿಸಿ ಮುಗಿದ ಮೇಲೆ ಕತ್ತರಿ ತಾರೀಖುಗಳನ್ನು ತೆರೆದಳು. ತುಟಿಯಲ್ಲೇ ಓದುತ್ತ ಹೋದವಳು ತಿರುಗಿ ಅವನ ಮುಖ ನೋಡಿದಳು. "ಒಂದೂ ತಪ್ಪಿಲ್ಲವಲ್ಲ ಪ್ರೊಫೆಸರ್ರೇ. ಹೇಗೆ ಕಂಡುಹಿಡಿದ್ರಿ?"

ಆಗ ಅವನಿಗೆ ಆದದ್ದು ಸಂತೋಷ. ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ. ಹೊಟ್ಟೆಯಿಂದ ಕತ್ತಿನವರೆಗೆ ಬೆಚ್ಚಗೆ ಏರಿ ಬಂದ ಅದನ್ನು ಅವನ ಮೈ ಗುರುತು ಹಿಡಿಯಿತು. ಲ್ಯಾಬಿನಲ್ಲಿ ಇಲಿಗಳ ಮೆದುಳಿನ ಒಂದು ಬದಿಯಲ್ಲಿ ಸಾಸಿವೆಯಷ್ಟು ಜಾಗವನ್ನು ಔಷಧ ಹಾಕಿ ಸಾಯಿಸುತ್ತಿದ್ದರು. ಪಾದಕ್ಕೆ ಶಾಯಿ ಹಚ್ಚಿ ಕಾಗದದ ಪಟ್ಟಿಯ ಮೇಲೆ ಓಡಿಸಿ, ಹೆಜ್ಜೆ ಎಷ್ಟು ಚಿಕ್ಕದಾಗಿದೆ ಎಂದು ಅಳೆಯುವುದು ಅವನ ಕೆಲಸ. ಪಾರ್ಕಿನ್ಸನ್ ಕಾಯಿಲೆ ಕೈ ನಡುಕವಾಗಿ ಎಲ್ಲರಿಗೂ ಕಾಣುವುದಕ್ಕೆ ಮುಂಚೆ ನಡಿಗೆಯಲ್ಲಿ ಎಲ್ಲಿ ಅಡಗಿರುತ್ತದೆ ಎಂಬುದು ಆ ಲ್ಯಾಬಿನ ಪ್ರಶ್ನೆ. ಯಾವ ಇಲಿಗೆ ಔಷಧ ಹೋಗಿದೆ, ಯಾವುದಕ್ಕೆ ಬರೀ ಉಪ್ಪುನೀರು ಎಂಬುದು ಅಳೆಯುವವನಿಗೆ ತಿಳಿಯಕೂಡದು. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ನೋಡುವವನು ಮಧ್ಯೆ ಕೈಹಾಕಲೂ ಕೂಡದು, ಹಾಕಿದರೆ ಅದು ಬೇರೆ ಇಲಿ, ಎನ್ನುತ್ತಿದ್ದರು ಅವನ ಗೈಡು. ಅಂಕಿಗಳನ್ನೆಲ್ಲ ಕೂಡಿಸಿ ಪಂಜರದ ಚೀಟಿಗಳನ್ನು ಬಿಚ್ಚಿದ ಮಧ್ಯಾಹ್ನ, ಅವನು ಬೇರೆ ಮಾಡಿಟ್ಟ ಇಲಿಗಳೇ ಔಷಧದ ಇಲಿಗಳೆಂದು ಗೊತ್ತಾದಾಗ, ಇದೇ ಬಿಸಿ ಏರಿ ಬಂದಿತ್ತು. ಗೈಡು ಅವನ ಬೆನ್ನು ತಟ್ಟಿದ್ದರು. ಮೈ ಸೆಟೆದ ಇಲಿಗಳು ಪಂಜರದ ಮೂಲೆಗೆ ಸರಿದು ಕೂತಿದ್ದವು. ಅವನಿಗೆ ಕಾಯಂ ಕೆಲಸ ಸಿಗದೆ ಹೊರಬಿದ್ದು, ಕ್ಯಾಮೆರಾ ಹಿಡಿದು, ಬಸವನಹುಳುಗಳ ಮೇಲೆ ತೆಗೆದ ಸಿನಿಮಾ ಅಲ್ಲಿ ಇಲ್ಲಿ ಹೆಸರು ಮಾಡಿದ ಮೇಲೆ ಒಬ್ಬ ಪತ್ರಕರ್ತೆ ಕೇಳಿದ್ದಳು, ಪ್ರಾಣಿಗಳ ಹಿಂಸೆ ನೋಡಲಾರದೆ ವಿಜ್ಞಾನ ಬಿಟ್ಟಿರಂತೆ, ಹೌದೇ? ಅವನು ಸುಮ್ಮನೆ ಕೆಳಗೆ ನೋಡಿದ್ದ. ಅವಳು ಅದನ್ನು ಹೌದು ಎಂದೇ ಬರೆದಳು. ಆಮೇಲೆ ಹೋದಲ್ಲೆಲ್ಲ ಅವನನ್ನು ಹಾಗೆಯೇ ಪರಿಚಯಿಸಿದರು, ಮತ್ತು ಅವನು ಹೋದಲ್ಲೆಲ್ಲ ಕೆಳಗೆ ನೋಡಿದ.

"ಅಂದಾಜು," ಎಂದ ಕತ್ತರಿಗೆ. ಅವಳು ನಂಬಲಿಲ್ಲ, ಕೆದಕಲೂ ಇಲ್ಲ. ತುಣುಕುಗಳನ್ನು ಅದೇ ವರಸೆಯಲ್ಲಿ ಒಂದಕ್ಕೊಂದು ಅಂಟಿಸಿ, ಸದ್ದು ತೆಗೆದು, ಮತ್ತೆ ಓಡಿಸಿದಳು. ಅಕ್ಕ ಬಂದಳು, ಬಂದಳು, ಬಂದಳು. ಕಾರಿಡಾರು ಬದಲಾಗಲಿಲ್ಲ. "ಇದನ್ನ ಹೀಗೇ ಇಡೋಣ," ಎಂದಳು ಕತ್ತರಿ, ಮೊದಲಿಗಿಂತ ಸಣ್ಣ ದನಿಯಲ್ಲಿ. "ಮಧ್ಯೆ ಮಧ್ಯೆ. ಯಾರೂ ಏನೂ ಹೇಳೋದು ಬೇಡ. ಏನೋ ಬರ್ತಾ ಇದೆ ಅನ್ಸುತ್ತೆ, ಏನು ಅಂತ ಗೊತ್ತಾಗಲ್ಲ. ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ಸಿನಿಮಾಗಳಲ್ಲಿ ಇಷ್ಟು ದಿನ ಇಲ್ಲದೇ ಇದ್ದದ್ದು ಇದೇ." ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅವಳು ಹೇಳಿದ್ದು ಸರಿ ಎಂದು ಅವನ ಮನಸ್ಸಿನ ಒಂದು ಭಾಗ ಲೆಕ್ಕ ಹಾಕುತ್ತಿತ್ತು; ಇನ್ನೊಂದು ಭಾಗ ಆ ಲೆಕ್ಕವನ್ನು ನೋಡುತ್ತ ಕೂತಿತ್ತು. ಹೊರಡುವಾಗ ಅವಳು ಆ ಜೋಡಣೆಯನ್ನು ಅವನ ಫೋನಿಗೆ ಕಳಿಸಿದಳು. "ಅಕ್ಕನಿಗೂ ತೋರಿಸಿ, ಖುಷಿಪಡ್ತಾರೆ," ಎಂದಳು.

ಬೀದಿಯಲ್ಲಿ ಎಲ್ಲರಿಗೂ ಕೈಗಳಿದ್ದವು. ಇಷ್ಟೊಂದು ಕೈಗಳು ಯಾವ ಅಪ್ಪಣೆಯೂ ಇಲ್ಲದೆ ತಮ್ಮಷ್ಟಕ್ಕೆ ಬೀಸಿಕೊಂಡು ಹೋಗುತ್ತಿವೆ ಎಂಬುದು ಅವನಿಗೆ ಅಶ್ಲೀಲವಾಗಿ ಕಂಡಿತು. ಕನ್ನಡಕದ ಅಂಗಡಿಯ ಗಾಜಿನಲ್ಲಿ ತನ್ನದನ್ನೂ ನೋಡಿಕೊಂಡ. ನೋಡಿಕೊಂಡ ಕೂಡಲೆ ಕೈಗೆ ಬೀಸುವುದು ಮರೆತುಹೋಯಿತು. ಬೇಕೆಂದೇ ಬೀಸಿದರೆ ಕವಾಯತು ಮಾಡುವವನ ಹಾಗೆ ಕಂಡಿತು. ಎದುರಿನಿಂದ ಬಂದ ಹೆಂಗಸು ಪಕ್ಕಕ್ಕೆ ಸರಿದು ನಡೆದಳು. ಅಕ್ಕನದೂ ತನ್ನದೂ ಒಂದೇ ರಕ್ತ ಎಂಬುದು ಹೊಳೆದು, ಆ ಹೊತ್ತಿನಲ್ಲೂ ತನ್ನ ಬಗ್ಗೆ ಯೋಚಿಸಿದೆನಲ್ಲ ಎಂದು ನಾಚಿಕೆಯಾಗಿ, ಕ್ಯಾಮೆರಾದ ಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದ. ಇವತ್ತು ಹೇಳಿಬಿಡುವುದು. ಒಳಗೆ ಹೋದ ಕೂಡಲೆ, ಚೀಲ ಇಳಿಸುವುದಕ್ಕೂ ಮುಂಚೆ. ಅಕ್ಕಾ, ನಿನ್ನದು ಭುಜದ ನೋವಲ್ಲ. ನರದ ಡಾಕ್ಟರನ್ನು ನೋಡು. ಅಲ್ಲಿಯ ತನಕ ಯಾರ ಬಾಯಿಗೂ ಕೈ ಹಾಕಬೇಡ. ಮೂರೇ ಮಾತು. ಮೂಳೆ ಡಾಕ್ಟರು ಅವಳಿಗೆ ಭುಜ ಬಿಗಿದಿದೆ ಎಂದಿದ್ದರು, ಬಗ್ಗಿ ಬಗ್ಗಿ ಕೆಲಸ ಮಾಡುವ ಹಲ್ಲಿನವರಿಗೆಲ್ಲ ಬರುವುದೇ ಎಂದಿದ್ದರು. ಅವಳು ಬಿಸಿನೀರಿನ ಚೀಲ ಇಟ್ಟುಕೊಂಡು, ಗೋಡೆಗೆ ಬೆರಳು ಹತ್ತಿಸುವ ವ್ಯಾಯಾಮ ಮಾಡುತ್ತಿದ್ದಳು. ಅವನು ಅದನ್ನೂ ಚಿತ್ರೀಕರಿಸಿದ್ದ.

ಅನುಮಾನ ಹುಟ್ಟಿದ್ದು ಹಿಂದಿನ ಚಳಿಗಾಲದಲ್ಲೇ. ಒಂದು ಸಂಜೆ ಅಕ್ಕನ ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಕೂತಿದ್ದಾಗ ಅವಳ ತೊಡೆಯ ಮೇಲಿದ್ದ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜುತ್ತಿತ್ತು, ಕಾಣದ ಒಂದು ಗುಳಿಗೆಯನ್ನು ಉರುಳಿಸುತ್ತಿರುವಂತೆ. ಅವನು ನೋಡಿದ. ಅವಳು ಅವನು ನೋಡಿದ್ದನ್ನು ನೋಡದೆ ಇನ್ನೊಂದು ಕೈಯನ್ನು ಅದರ ಮೇಲಿಟ್ಟುಕೊಂಡಳು. "ಏನೋ, ಇಲ್ಲೂ ಶೂಟಿಂಗಾ?" ಎಂದಿದ್ದರು ಭಾವ. "ಒಂದೂವರೆ ಗಂಟೆ ಹಲ್ಲು ನೋಡೋಕೆ ಜನ ಬರ್ತಾರೇನೋ? ನಾನು ದಿನಾ ಊಟಕ್ಕೆ ಕೂತಾಗ ಪುಕ್ಕಟೆ ನೋಡ್ತೀನಿ." ಎಲ್ಲರೂ ನಕ್ಕಿದ್ದರು. ಆ ನಗುವಿನ ನಡುವೆ ಅವನು ಹೇಳಬಹುದಿತ್ತು, ಅಡಿಗೆಮನೆಗೆ ಕರೆದು ಹೇಳಬಹುದಿತ್ತು. ಮೊದಲು ಖಾತ್ರಿ ಮಾಡಿಕೊಳ್ಳೋಣ ಎಂದುಕೊಂಡ. ಸುಮ್ಮಸುಮ್ಮನೆ ಯಾಕೆ ಹೆದರಿಸುವುದು ಎಂದುಕೊಂಡ. ಅದರ ಕೆಳಗೆ ಇನ್ನೊಂದಿತ್ತು, ಅದನ್ನು ಅವನು ಮಾತಿಗೆ ಇಳಿಸಿರಲಿಲ್ಲ: ಹೇಳಿದರೆ ಮರುದಿನದಿಂದ ಅವಳು ತನ್ನ ನಡಿಗೆಯನ್ನು ತಾನೇ ಕಾಯುತ್ತಾಳೆ. ಆಮೇಲೆ ತೆಗೆದದ್ದೆಲ್ಲ ಬೇರೆ ಅಕ್ಕ. ಹೀಗೆ ತಿಂಗಳುಗಟ್ಟಲೆ ಅವನು ಕಾರಿಡಾರಿನ ಈ ತುದಿಯಲ್ಲಿ ನಿಂತು, "ಇನ್ನೊಂದು ಸಲ ಬಾ ಅಕ್ಕಾ, ಬೆಳಕು ಸರಿ ಇರಲಿಲ್ಲ," ಎನ್ನುತ್ತ ಬಂದ. ಅವಳು ಪ್ರತಿ ಸಲವೂ ಗೊಣಗಿಕೊಂಡು ವಾಪಸು ಹೋಗಿ ಮತ್ತೆ ನಡೆದು ಬಂದಳು. ಅವನ ಪ್ರತಿ ಸಿನಿಮಾದ ಪ್ರದರ್ಶನಕ್ಕೂ ಕ್ಲಿನಿಕ್ಕು ಮುಚ್ಚಿ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು ಅವಳೊಬ್ಬಳೇ. ಯಾರೋ ಗೊರಕೆ ಹೊಡೆದರೆ ಹಿಂತಿರುಗಿ ದುರುಗುಟ್ಟಿ ನೋಡುತ್ತಿದ್ದಳು. ಮುಗಿದ ಮೇಲೆ, "ಚೆನ್ನಾಗಿತ್ತು ಕಣೋ, ಸ್ವಲ್ಪ ಬೇಗ ಮುಗಿದಿದ್ರೆ ಇನ್ನೂ ಚೆನ್ನಾಗಿರ್ತಿತ್ತು," ಎನ್ನುತ್ತಿದ್ದಳು.

ಕ್ಲಿನಿಕ್ಕಿನಲ್ಲಿ ಒಬ್ಬನೇ ರೋಗಿ ಕಾದಿದ್ದ, ಎದುರು ರಸ್ತೆಯ ದರ್ಜಿ. ಒಂದು ಕೆನ್ನೆ ಬಾತು ಕಣ್ಣನ್ನು ಅರ್ಧ ಮುಚ್ಚಿತ್ತು. ಆ ಕೆನ್ನೆಯನ್ನು ಅಂಗೈಯಲ್ಲಿ ಹೊತ್ತುಕೊಂಡು ಕೂತಿದ್ದ. ಇವತ್ತು ಅವನ ಬುದ್ಧಿಹಲ್ಲು ಕೀಳುವುದಿತ್ತು. ರಿಸೆಪ್ಷನಿನವಳು ಒಂದು ಔಷಧ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಲು ಹೆಣಗುತ್ತಿದ್ದಳು. "ನೀವಾದ್ರೂ ಹೇಳಿ ನಿಮ್ಮಕ್ಕನಿಗೆ," ಎಂದಳು ಅವನನ್ನು ಕಂಡು. "ಅಕ್ಷರ ಬರ್ತಾ ಬರ್ತಾ ಇರುವೆ ಥರ ಆಗ್ತಿದೆ. ಕಾಗದಕ್ಕೆ ಬರಗಾಲ ಬಂದಿದ್ಯೇನೋ ಅನ್ನೋ ಹಾಗೆ." ಅದೂ ಒಂದು ಲಕ್ಷಣ ಎಂದು ಅವನ ತಲೆ ತಾನಾಗಿಯೇ ಗುರುತು ಹಾಕಿಕೊಂಡಿತು. ಒಳಗಿನಿಂದ ಅಕ್ಕ ಕರೆದಳು. "ಬಂದ್ಯಾ? ಬಾ ಒಳಗೆ. ಹಲ್ಲಿನ ಸಿಮೆಂಟು ಬಿದ್ದುಹೋಗಿದೆ ಅಂದಿದ್ಯಲ್ಲ, ಕೂತ್ಕೋ. ಅವರ ಎಕ್ಸ್‌ರೇ ಬರೋ ಹೊತ್ತಿಗೆ ನಿನ್ನದು ಮುಗಿಸಿಬಿಡ್ತೀನಿ."

ಚೀಲ ಇಳಿಸುವ ಮುಂಚೆ ಎಂದುಕೊಂಡಿದ್ದ. ಚೀಲ ಇಳಿಸಿದ. "ಅಕ್ಕಾ," ಎಂದ. "ಏನು? ಹೆದರಿಕೆನಾ?" ಎಂದಳು ಅವಳು ಕೈಗವಸು ಎಳೆದುಕೊಳ್ಳುತ್ತ. ಬಲಗೈಗೆ ಹಾಕಿಕೊಳ್ಳಲು ಎಡಗೈಗಿಂತ ಹೆಚ್ಚು ಹೊತ್ತು ಹಿಡಿಯಿತು. "ಚಿಕ್ಕವನಿದ್ದಾಗ ಮಂಚದ ಕೆಳಗೆ ಹೋಗಿ ಬಚ್ಚಿಟ್ಕೊಳ್ತಿದ್ದೆ. ಈಗ ಮಂಚದ ಕೆಳಗೆ ಹಿಡಿಸಲ್ಲ ನೀನು. ನಿನ್ನ ಕ್ಯಾಮೆರಾನೂ ಹಚ್ಚು, ಎಲ್ಲರ ಬಾಯಿ ತೆಗೆದಿದೀಯ, ನಿಂದೂ ಒಂದು ಇರಲಿ." ಅವನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಕುರ್ಚಿಗೂ ಅವಳ ಕೈಗೂ ಸರಿಹೊಂದುವಂತೆ ತಿರುಗಿಸಿ, ಹಚ್ಚಿ, ಕೂತ. ಯಾಕೆ ಕೂತೆ ಎಂದು ಕೇಳಿಕೊಳ್ಳಲು ಆಗ ಪುರುಸೊತ್ತಿರಲಿಲ್ಲ. ಕುರ್ಚಿ ಹಿಂದಕ್ಕೆ ಮಲಗಿತು. ದೀಪ ಕಣ್ಣಿನ ಮೇಲೆ ಬಂತು. ಸೂಜಿ ಒಸಡಿನಲ್ಲಿ ಇಳಿದು, ಕೆಳದವಡೆ ನಿಧಾನಕ್ಕೆ ಬೇರೊಬ್ಬರದಾಯಿತು. ಕೆಲಸದಲ್ಲಿ ತೊಡಗಿದಾಗ ಕೈ ನಡುಗುವುದಿಲ್ಲ, ಸುಮ್ಮನಿದ್ದಾಗಲೇ ನಡುಗುವುದು ಎಂಬುದು ಅವನಿಗೆ ಗೊತ್ತಿತ್ತು. ಆ ವಿಷಯವನ್ನು ಜಪದ ಹಾಗೆ ಹೇಳಿಕೊಂಡ. ಮಾಸ್ಕಿನ ಮೇಲೆ ಅಕ್ಕನ ಕಣ್ಣುಗಳು ಹತ್ತಿರ ಬಂದವು. ಅವು ಮಿಟುಕುವುದು ಕಡಿಮೆಯಾಗಿದೆ. ಅದನ್ನೂ ಗುರುತು ಹಾಕಿಕೊಂಡ.

ಕೊರೆಯುವ ಯಂತ್ರ ಕೀರಲು ದನಿ ತೆಗೆಯಿತು. ಬಾಯಿಯಲ್ಲಿ ಸುಟ್ಟ ವಾಸನೆ, ನೀರು, ಅವಳ ಉಸಿರು. ಮೊದಲೆಲ್ಲ ಅವಳು ಕೆಲಸ ಮಾಡುತ್ತ ಮಾತಾಡುತ್ತಿದ್ದಳು, ರೋಗಿ ಉತ್ತರ ಕೊಡಲಾರದ ಪ್ರಶ್ನೆಗಳನ್ನೇ ಕೇಳಿ ನಗುತ್ತಿದ್ದಳು. ಇವತ್ತು ಮಾತಿಲ್ಲ. ತುಸು ಕೊರೆದು ನಿಲ್ಲಿಸುವಳು, ಕೈ ಎತ್ತಿ ಗಾಳಿಯಲ್ಲಿ ಹಿಡಿಯುವಳು, ಮತ್ತೆ ಇಳಿಸುವಳು. ಸಣ್ಣ ಕನ್ನಡಿ ಹಲ್ಲಿಗೆ ತಾಗಿ ಟಿಕ್ ಟಿಕ್ ಎಂದಿತು. ಅವಳು ಕನ್ನಡಿಯನ್ನು ಒತ್ತಿ ಹಿಡಿದಳು. ಟಿಕ್ ನಿಂತಿತು. ಹೇಳಲು ಈಗ ಅವನಿಗೆ ಬಾಯಿರಲಿಲ್ಲ, ಮತ್ತು ಅದರಲ್ಲಿ ಒಂದು ನೆಮ್ಮದಿಯಿತ್ತು; ಇಷ್ಟು ನೆಮ್ಮದಿಯಾಗಿ ಅವನು ತಿಂಗಳುಗಳಿಂದ ಇರಲಿಲ್ಲ. ಆಗ ಕೀರಲು ಸದ್ದಿನ ಸ್ವರ ಬದಲಾಯಿತು. ನೋವಾಗಲಿಲ್ಲ. ನಾಲಿಗೆಯ ಬುಡದಲ್ಲಿ ಬೆಚ್ಚಗಿನ ಉಪ್ಪು ತುಂಬಿಕೊಂಡಿತು. ಅವಳು ಯಂತ್ರ ನಿಲ್ಲಿಸಿ, ಹತ್ತಿ ಒತ್ತಿ, ದೀಪವನ್ನು ಇನ್ನಷ್ಟು ಹತ್ತಿರ ಎಳೆದು ನೋಡಿದಳು. ಹತ್ತಿ ಕೆಂಪಾಗಿ ಹೊರಬಂತು, ಇನ್ನೊಂದು ಹೋಯಿತು.

"ಅಲ್ಲಾಡಿದೆ ನೀನು," ಎಂದಳು.

ಅವನು ಅಲ್ಲಾಡಿರಲಿಲ್ಲ. ಹತ್ತಿಯ ಸುತ್ತ ದಪ್ಪಗಾದ ನಾಲಿಗೆಯಲ್ಲಿ, "ಹೌದು, ಅಲ್ಲಾಡಿದೆ," ಎಂದ. ಈ ದಿನ ಅವಳಿಗೆ ಅವನು ಆಡಿದ ಮೊದಲ ಪೂರ್ತಿ ಮಾತು ಅದು.

ಅವಳು ಕುರ್ಚಿಯನ್ನು ನೆಟ್ಟಗೆ ಮಾಡಿದಳು. ಬಾಯಿ ಮುಕ್ಕಳಿಸಲು ಲೋಟ ಕೊಟ್ಟಳು. ಎದುರಿಗೆ ಗಾಲಿಯ ಸ್ಟೂಲಿನ ಮೇಲೆ ಕೂತು ಕೈಗವಸು ಬಿಚ್ಚಿದಳು. ಬಿಚ್ಚಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚದೆ, ಅದನ್ನೇ ನೋಡುತ್ತ ಕೂತಳು. ಹೆಬ್ಬೆರಳು ಉರುಳಿಸಲು ಶುರುಮಾಡಿತು. "ನೀನು ಅಲ್ಲಾಡ್ಲಿಲ್ಲ ಕಣೋ," ಎಂದಳು, ಯಾರದೋ ಊರಿನ ಸುದ್ದಿ ಹೇಳುವವಳ ಹಾಗೆ. "ಅಲ್ಲಾಡಿದ್ರೆ ನನ್ನ ಕೈಗೆ ಗೊತ್ತಾಗುತ್ತೆ. ನಿನ್ನ ಕ್ಯಾಮೆರಾದಲ್ಲಿ ಬಂದಿರುತ್ತಲ್ಲ. ತೋರಿಸು."

ಸಿನಿಮಾ ಮುಗಿಯುವವರೆಗೆ ತೋರಿಸುವುದಿಲ್ಲ ಎಂಬ ನಿಯಮ ಅವನದು, ಅವಳು ಯಾವತ್ತೂ ಕೇಳಿರಲೂ ಇಲ್ಲ. ಅವನು ಎದ್ದು, ಕ್ಯಾಮೆರಾದ ಪುಟ್ಟ ಪರದೆಯನ್ನು ಅವಳ ಕಡೆಗೆ ತಿರುಗಿಸಿ ಹಿಂದಕ್ಕೆ ಓಡಿಸಿದ. ಬಾಯಿ ತೆರೆದು ಕಲ್ಲಿನ ಹಾಗೆ ಮಲಗಿದ ಅವನು. ಇಳಿಯುತ್ತಿದ್ದ ಕೈ ನಡುದಾರಿಯಲ್ಲಿ ತನ್ನ ಕೆಲಸ ಮರೆತಂತೆ ನಿಂತದ್ದು. ಆಮೇಲೆ ಒಂದೇ ಸಲಕ್ಕೆ ಬಿದ್ದದ್ದು. ಅವಳು ಮತ್ತೊಮ್ಮೆ ಹಾಕು ಎಂದಳು. ಹಾಕಿದ. ಅವಳ ಮುಖದಲ್ಲಿ ಏನೂ ಆಗಲಿಲ್ಲ, ಮತ್ತು ಆ ಏನೂ ಆಗದಿರುವುದರಲ್ಲಿ ಎಷ್ಟು ಭಾಗ ಅವಳದು, ಎಷ್ಟು ಭಾಗ ಮುಖವನ್ನೂ ಬಿಗಿಯುವ ಕಾಯಿಲೆಯದು ಎಂದು ತಾನು ಅಳೆಯುತ್ತಿರುವುದು ಅವನ ಗಮನಕ್ಕೆ ಬಂತು. "ಹಳೇದೂ ಇದೆಯಾ?" ಎಂದಳು. ಅವನು ಫೋನು ತೆಗೆದು ಕತ್ತರಿಯ ಜೋಡಣೆಯನ್ನು ಹಚ್ಚಿ ಅವಳ ಎಡಗೈಗೆ ಕೊಟ್ಟ. ಅಂಗೈಯಷ್ಟು ಕಾರಿಡಾರಿನಲ್ಲಿ ಸದ್ದಿಲ್ಲದೆ ಅವಳು ಬಂದಳು, ಬಂದಳು. ಮುಗಿಯುವ ತನಕ ಅವಳು ಕಣ್ಣು ತೆಗೆಯಲಿಲ್ಲ. ಡಾಕ್ಟರಿಕೆ ಓದಿದ ಹೆಂಗಸು, ಅವಳಿಗೆ ಹೇಳಿಕೊಡಬೇಕಾದ್ದೇನೂ ಇರಲಿಲ್ಲ.

"ಈ ವರಸೆಗೆ ಜೋಡಿಸಿದ್ದು ಯಾರು?"

"ನಾನು."

"ತಾರೀಖು ನೋಡ್ಕೊಂಡಾ?"

ಅವನು ಸುಳ್ಳು ಹೇಳಬಹುದಿತ್ತು. "ನೋಡದೇ," ಎಂದ. "ಕೈ ನೋಡ್ಕೊಂಡು."

ಅವಳು ತಲೆಯಾಡಿಸಿದಳು. ಚೆನ್ನಾಗಿ ಕಲಿತಿದ್ದೀಯ ಎನ್ನುವ ಹಾಗಿತ್ತು ಅದು, ಚಿಕ್ಕಂದಿನಲ್ಲಿ ಅವನ ಮಗ್ಗಿ ಒಪ್ಪಿಸಿಕೊಳ್ಳುವಾಗ ಮಾಡುತ್ತಿದ್ದಂತೆ. "ಎಂದಿನಿಂದ ಗೊತ್ತು ನಿನಗೆ?" ಅವನು ಬಾಯಿ ತೆರೆದ, ಮರಗಟ್ಟಿದ ತುಟಿಯ ಅಂಚಿನಿಂದ ಎಂಜಲು ಬೆರೆತ ರಕ್ತ ಗಲ್ಲಕ್ಕೆ ಇಳಿಯಿತು, ಇಳಿದದ್ದು ಅವನಿಗೆ ತಿಳಿಯಲಿಲ್ಲ. ಅವಳು ಒಂದು ತುಂಡು ಹತ್ತಿ ಹರಿದು ಎಡಗೈಯಿಂದ ಅದನ್ನು ಒರೆಸಿದಳು. "ಚಳಿಗಾಲದಿಂದ," ಎಂದ. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ಅಷ್ಟು ದಿನದಿಂದ ಎಷ್ಟು ಜನರ ಬಾಯಿಗೆ ಕೈ ಹಾಕಿದೀನಿ ಗೊತ್ತಾ ನಾನು? ನೀನು ಅಲ್ಲೇ ನಿಂತಿದ್ದೆ." ಮತ್ತೆ, ಹತ್ತಿಯನ್ನು ಬುಟ್ಟಿಗೆ ಹಾಕಿ, "ಗೊತ್ತಿದ್ದೂ ಬಂದು ಬಾಯಿ ತೆರೆದು ಕೂತೆ," ಎಂದಳು. ಅದು ಬೈಗುಳವೋ, ಇನ್ನೇನಾದರೂ ಇತ್ತೋ, ಅವನಿಗೆ ಅರ್ಥವಾಗಲಿಲ್ಲ. ತಾನು ಕೂತದ್ದು ಅವಳ ಮೇಲಿನ ನಂಬಿಕೆಯಿಂದಲೋ, ಪ್ರಾಯಶ್ಚಿತ್ತಕ್ಕೋ, ಇಲ್ಲ ಕೊನೆಯದೊಂದು ಪರೀಕ್ಷೆ ಮಾಡಿಬಿಡೋಣ ಎಂದೋ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಬಾಗಿಲು ತಟ್ಟಿ ರಿಸೆಪ್ಷನಿನವಳು ತಲೆ ಹಾಕಿದಳು. "ಮೇಡಂ, ಎಕ್ಸ್‌ರೇ ಬಂತು. ಅವರನ್ನ ಕಳಿಸಲಾ? ತುಂಬಾ ನೋವು ಅಂತಿದಾರೆ." ಅಕ್ಕ ಅವನನ್ನು ನೋಡಿದಳು. ಅವನು ಕ್ಯಾಮೆರಾವನ್ನು ನೋಡಿದ, ಆಮೇಲೆ ನೆಲ ನೋಡಿದ. ನೆಲ ನೋಡುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. "ಹೋಗು," ಎಂದಳು ಅಕ್ಕ. "ನೀನೇ ಹೋಗಿ ಹೇಳಿ ಬಾ. ಇವತ್ತು ಡಾಕ್ಟರ್ ನೋಡಲ್ಲ ಅಂತ. ನನ್ನ ಹತ್ರ ಹೇಳೋಕೆ ಆಗ್ಲಿಲ್ಲ, ಅವರ ಹತ್ರ ಆದ್ರೂ ಹೇಳು."

ಅವನು ಕಾರಿಡಾರಿಗೆ ಬಂದ. ಇಷ್ಟು ದಿನ ಕ್ಯಾಮೆರಾದ ಹಿಂದಿನಿಂದ ನೋಡಿದ ಆ ನೆಲದ ಮೇಲೆ ತಾನೇ ನಡೆದು ಹೋಗುತ್ತ, ಬೆನ್ನ ಮೇಲೆ ಅಕ್ಕನ ಕಣ್ಣಿದೆ ಎಂದು ಅವನಿಗೆ ಅನ್ನಿಸಿತು. ದರ್ಜಿ ಕೆನ್ನೆ ಹಿಡಿದುಕೊಂಡೇ ಎದ್ದು ನಿಂತ, ತನ್ನ ಸರದಿ ಬಂತೆಂದು. ಅವನ ಗಲ್ಲಕ್ಕೆ ಮತ್ತೆ ಇಳಿದಿದ್ದ ರಕ್ತ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ಇವತ್ತು ಡಾಕ್ಟರು ನೋಡೋದಿಲ್ಲ," ಎಂದ ಅವನು. ಅರ್ಧ ಸತ್ತ ಬಾಯಿಂದ ಮಾತು ಅಂಕುಡೊಂಕಾಗಿ ಬಂತು. "ಅವರಿಗೆ ಹುಷಾರಿಲ್ಲ. ಬೇರೆ ಕಡೆ ಚೀಟಿ ಬರೆದು ಕೊಡ್ತಾರೆ, ಅಲ್ಲಿ ಕೀಳಿಸ್ಕೊಳ್ಳಿ."

"ಬೇರೆ ಕಡೆನಾ?" ಎಂದ ದರ್ಜಿ. "ಇಪ್ಪತ್ತು ವರ್ಷದಿಂದ ನನ್ನ ಹಲ್ಲು ಮುಟ್ಟಿರೋದು ಅವರೊಬ್ಬರೇ ಸಾರ್. ಬೇರೆಯವರ ಮುಂದೆ ನನಗೆ ಬಾಯೇ ತೆರೆಯೋಕಾಗಲ್ಲ. ಪರವಾಗಿಲ್ಲ, ಇವತ್ತು ಮಾತ್ರೆ ನುಂಗಿ ತಡ್ಕೋತೀನಿ. ಯಾವತ್ತು ಹುಷಾರಾಗ್ತಾರೆ ಹೇಳಿ, ಅವತ್ತೇ ಬರ್ತೀನಿ."

ರಿಸೆಪ್ಷನಿನವಳು ದಿನಗಳ ಪಟ್ಟಿ ತೆರೆದು, ಪೆನ್ನು ಹಿಡಿದು ತಲೆ ಎತ್ತಿದಳು. ಹಿಂದೆ ಸಪ್ಪಳವಾಯಿತೆಂದು ಅವನು ತಿರುಗಿದ. ಅಕ್ಕ ಒಳಗಿನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು, ಬಾಗಿಲ ಚೌಕಟ್ಟನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು. ಅವಳು ದರ್ಜಿಯನ್ನು ನೋಡುತ್ತಿರಲಿಲ್ಲ. ಅವಳೂ ತಮ್ಮನ ಉತ್ತರಕ್ಕೇ ಕಾಯುತ್ತಿದ್ದಳು.